ಮಾರ್ಥಾ ಯಾರ ಮಗಳು?

ಕೆಲವು ತಿಂಗಳಿಂದ ನನಗೆ ಸಿಟ್ಟು ಬಂದಿದೆ. ಸಿಟ್ಟು ನನಗೇನೂ ಹೊಸದಲ್ಲ. ಸೋಲಾಪುರದ ಬಿಸಿಲು, ನಸುಕಿನಲ್ಲೇ ಕಿವಿ ಕೀಳುವ ಮಿಲ್ಲಿನ ಭೋಂಗಾ, ನಾನು ಮಾಸ್ತರಿಕೆ ಮಾಡುವ ಸಾಲೆಗೆ ಬರುವ ಇನ್ಸ್‌ಪೆಕ್ಟರು, ಇವೆಲ್ಲ ದಿನಕ್ಕೊಂದರಂತೆ ನನ್ನ ತಲೆ ಬಿಸಿ ಮಾಡುತ್ತಲೇ ಇರುತ್ತವೆ. ಅವೆಲ್ಲ ಊಟಕ್ಕೆ ಕೂತರೆ ಇಳಿಯುವ ಸಿಟ್ಟುಗಳು. ಇದು ಇಳಿಯುತ್ತಿಲ್ಲ. ಇದು ಯಾರ ಮೇಲೆ ಶುರುವಾಯಿತು ಎಂದು ಹೇಳಿದರೆ ನೀವು ನಗುತ್ತೀರಿ. ಅಮೆರಿಕದ ಒಬ್ಬ ಒಕ್ಕಲಿಗನ ಮೇಲೆ! ಅವನ ಹೆಸರು ಸೈಲಸ್. ನಾನು ಹುಟ್ಟುವುದಕ್ಕೆ ಎಷ್ಟೋ ಮೊದಲೇ ಸತ್ತು, ತನ್ನ ಹೊಲದ ಮೂಲೆಯಲ್ಲೇ ಮಣ್ಣಾಗಿ ಹಾಯಾಗಿದ್ದಾನೆ. ಜಗಳಕ್ಕೂ ಸಿಗುವುದಿಲ್ಲ.

ಊರ ಹೊರಗಿನ ಬಂಗಲೆಯಲ್ಲಿ ಅಮೆರಿಕದ ಮಡಮ್ ಬಾಯಿ ಒಬ್ಬರಿದ್ದಾರೆ. ಹೆಣ್ಣುಮಕ್ಕಳಿಗೆ ಅಕ್ಷರ, ಹೊಲಿಗೆ ಕಲಿಸುತ್ತಾರೆ. ಮರಾಠಿ ಅವರಿಗೆ ಚೆನ್ನಾಗಿಯೇ ಬರುತ್ತದೆ. ಆದರೆ ಅಕ್ಕಲಕೋಟದ ಕಡೆಯ ಹಳ್ಳಿಗಳಿಗೆ ಹೋದರೆ ಹೆಂಗಸರು ಇವರ ಮರಾಠಿ ಕೇಳಿ ಮಿಕಿಮಿಕಿ ನೋಡುತ್ತಾರೆ. ಅಲ್ಲಿ ಕನ್ನಡವೇ ಬೇಕು. ಹಾಗಾಗಿ ಸಾಲೆ ಬಿಟ್ಟ ಮೇಲೆ ನಾನು ಹೋಗಿ ಅವರಿಗೆ ಕನ್ನಡ ಕಲಿಸುತ್ತೇನೆ. ಕಲಿಸುತ್ತೇನೆ ಎನ್ನುವುದು ನನ್ನ ಮಾತು. ನಿಜವಾಗಿ ನಡೆಯುವುದೇನೆಂದರೆ, ಅವರು ತಮ್ಮ ವಂಶಾವಳಿಯ ಕತೆ ಹೇಳುತ್ತಾರೆ, ನಾನು ಅವರ ಚಹಾ ಕುಡಿಯುತ್ತ ವಿಭಕ್ತಿ ಪ್ರತ್ಯಯ ತಿದ್ದುತ್ತೇನೆ.

ತಮ್ಮ ಹಿರಿಯರು ಯಾರು ಯಾರು ಎಂದು ಹುಡುಕುವುದು ಆ ಮನೆತನದ ಹುಚ್ಚು. ಅಮೆರಿಕದಲ್ಲೇ ಇರುವ ಅವರ ತಮ್ಮ ಸೂಟಿ ಸಿಕ್ಕಾಗೆಲ್ಲ ಸ್ಮಶಾನ ತಿರುಗಿ ಗೋರಿಕಲ್ಲು ಓದುತ್ತಾನಂತೆ. ನಮ್ಮಲ್ಲಿ ಹಾಗೆ ತಿರುಗಿದರೆ ಮೂರನೆಯ ದಿನ ಮಾಂತ್ರಿಕನನ್ನು ಕರೆಸುತ್ತಾರೆ. ಅವನು ಹುಡುಕಿ ಕಳಿಸಿದ್ದನ್ನೆಲ್ಲ ಮಡಮ್ ಬಾಯಿ ಗೋಡೆಯ ಮೇಲಿನ ದೊಡ್ಡ ಕಾಗದದಲ್ಲಿ ಚೌಕಚೌಕದ ಮನೆ ಮಾಡಿ ತುಂಬಿದ್ದಾರೆ. ಎಲ್ಲಕ್ಕೂ ಮೇಲೆ, ನಟ್ಟನಡುವೆ, ಈ ಸೈಲಸ್. ಕಾಡು ಕಡಿದು ಹೊಲ ಮಾಡಿದವನು. ಗೋದಿ ಬಿತ್ತಿದ, ಗೋವಿನಜೋಳ ಬಿತ್ತಿದ, ಹಂದಿ ಸಾಕಿದ. ಅವನಿಗೊಂದು ಹೆಣ್ಣುಕುದುರೆ ಇತ್ತು, ಅದರ ಹೆಸರು ಬೆಸ್. ಬೆಸ್‌ಳ ತಾಯಿಯ ಹೆಸರೂ ಗೊತ್ತು, ಅದನ್ನು ಯಾರ ಕಡೆಯಿಂದ ಕೊಂಡದ್ದು ಎನ್ನುವುದೂ ಗೊತ್ತು. ಅವನ ಹೆಂಡತಿಯ ವಿಷಯಕ್ಕೆ ಬಂದರೆ, ಗೋರಿಕಲ್ಲಿನ ಮೇಲೆ ಇರುವುದು ಇಷ್ಟೇ: "ಸೈಲಸನ ಹೆಂಡತಿ ಮಾರ್ಥಾ." ಯಾರ ಮಗಳು, ಯಾವೂರವಳು, ದೇವರಿಗೇ ಗೊತ್ತು. ಅಲ್ಲಿ ಮದುವೆಯಾದ ಹೆಣ್ಣಿನ ತೌರಿನ ಅಡ್ಡಹೆಸರು ಹೋಗಿ ಗಂಡನ ಅಡ್ಡಹೆಸರು ಬರುತ್ತದಂತೆ. ಹೋದದ್ದು ಹೋಯಿತು. ಮಾರ್ಥಾಳ ಮೇಲಿನ ಮನೆ ಆ ಕಾಗದದಲ್ಲಿ ಖಾಲಿ ಇದೆ.

ಮೊದಮೊದಲು ನನಗೆ ಇದು ತಮಾಷೆಯಾಗಿತ್ತು. ಯಾವ ಕಾಲದಲ್ಲೋ ಸತ್ತ ಮುದುಕಿಯ ತೌರುಮನೆ ಹುಡುಕಿ ಇವರಿಗೆ ಆಗಬೇಕಾದ್ದೇನು? ಹೋಗಿ ಉಡಿ ತುಂಬಿಸಿಕೊಂಡು ಬರಬೇಕೆ? ಒಂದು ಸಂಜೆ ಮಡಮ್ ಬಾಯಿ ತಮ್ಮ ಮೂಗನ್ನು ಬೆರಳಿನಿಂದ ಮುಟ್ಟಿ, ನಾನೇ ಕಲಿಸಿದ ಪುಸ್ತಕದ ಕನ್ನಡದಲ್ಲಿ ಹೇಳಿದರು: "ಪಂಡಿತರೇ, ಇದು ಸೈಲಸನ ಮೂಗು ಅಲ್ಲ. ಅವನ ಚಿತ್ರವನ್ನು ನಾನು ನೋಡಿರುವೆನು. ಇದು ಯಾರ ಮೂಗು? ನನಗೆ ತಿಳಿಯಬೇಕಾಗಿದೆ." ಹೇಳುತ್ತ ಹೇಳುತ್ತ ಕಣ್ಣಲ್ಲಿ ನೀರು ತಂದುಕೊಂಡರು. ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ, ಚಹಾದ ಕಪ್ಪಿನ ಕೆಳಗಿನ ಬಸಿ ನೋಡಿದೆ. ಆಮೇಲೆ ಕೇಳಿದರು: "ನಿಮ್ಮ ಮುತ್ತಜ್ಜಿ ಯಾರ ಮಗಳು?"

ನಾನು ಎದೆ ಸೆಟೆಸಿ ಕೂತೆ. ವಂಶಾವಳಿಯ ವಿಷಯಕ್ಕೆ ನಮ್ಮನ್ನು ಕೇಳುವುದೇ! ಗೋರಿ ತಿರುಗುವ ಗತಿ ನಮಗೆ ಬಂದಿಲ್ಲ. ಅಪ್ಪ, ಅಜ್ಜ, ಮುತ್ತಜ್ಜ, ಅವನಪ್ಪ, ಅವನಪ್ಪನಪ್ಪ ಎಂದು ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸಿದೆ. ಮಡಮ್ ಬಾಯಿ ಬರೆದುಕೊಂಡು, ಪ್ರತಿ ಹೆಸರಿನ ಪಕ್ಕದಲ್ಲೂ ಒಂದು ಖಾಲಿ ಮನೆ ಬರೆದು, "ಇವರ ಹೆಂಡಂದಿರು?" ಎಂದರು. ಅವ್ವನ ಹೆಸರು ಭಾಗೀರಥಿ ಎಂದೆ. ಅಜ್ಜಿಗೆ ನಾವೆಲ್ಲ ಆಯಿ ಎನ್ನುತ್ತಿದ್ದೆವು. ಮುಂದಿನ ಮನೆಗಳಿಗೆ ಬರೆಸಲು ನನ್ನ ಹತ್ತಿರ ಹೆಸರೇ ಇರಲಿಲ್ಲ. ಮನೆಗೆ ಬರುವಾಗ ದಾರಿಯುದ್ದಕ್ಕೂ ಸೈಲಸನನ್ನು ಬೈದೆ. ನಮ್ಮವರನ್ನು ಬೈಯಲು ಇನ್ನೂ ಧೈರ್ಯ ಬಂದಿರಲಿಲ್ಲ.

ಸುಗ್ಗಿ ಮುಗಿದಿತ್ತು. ಈ ಹೊತ್ತಿಗೆ ನಮ್ಮ ಹಳ್ಳಿ ತಡವಳಕ್ಕೆ ಹೆಳವ ಬರುತ್ತಾನೆ. ಹೆಳವರೆಂದರೆ ಎತ್ತಿನ ಮೇಲೆ ಕೂತು, ಗಂಟೆ ಬಾರಿಸುತ್ತ ಒಕ್ಕಲುಮನೆಗಳಿಗೆ ಬಂದು, ಆ ಮನೆಯ ಹಿರಿಯರ ಹೆಸರನ್ನೆಲ್ಲ ರಾಗವಾಗಿ ಹೇಳಿ ಜೋಳ ಪಡೆದು ಹೋಗುವವರು. ಅವನನ್ನೇ ಕೇಳೋಣವೆಂದು ರೈಲು ಹತ್ತಿ ಅಕ್ಕಲಕೋಟ ರೋಡ್ ಸ್ಟೇಶನ್ನಿನಲ್ಲಿಳಿದು, ಚಕ್ಕಡಿಯಲ್ಲಿ ಮೈಯೆಲ್ಲ ಹಣ್ಣು ಮಾಡಿಕೊಂಡು ತಡವಳ ಸೇರಿದೆ. ಹೊಲಮನೆ ನೋಡಿಕೊಂಡು ನಮ್ಮ ದೊಡ್ಡಪ್ಪ ಅಲ್ಲಿಯೇ ಇದ್ದಾರೆ. ಮರುದಿನ ಹೆಳವ ಬಂದ. ಕಟ್ಟೆಯ ಮುಂದೆ ಎತ್ತು ನಿಲ್ಲಿಸಿ ಶುರು ಮಾಡಿದ. ಏನು ಕಂಠ, ಏನು ನೆನಪು! ಮೂಲಪುರುಷ ಎಲ್ಲಿಂದ ಬಂದ, ಯಾವ ಬರದಲ್ಲಿ ಯಾವ ಹೊಲ ಹಿಡಿದ, ಅವನಿಗೆ ಎಷ್ಟು ಗಂಡುಮಕ್ಕಳು, ಅವರಲ್ಲಿ ಜಗಳವಾಡಿ ಬೇರೆಯಾದವನು ಯಾರು, ಎಲ್ಲ ಬಂತು. ಮುತ್ತಜ್ಜ ಹುಲಜಂತಿಯಿಂದ ತಂದ ಬಿಳಿ ಹೋರಿ ಬಂತು, ಅದರ ಹೆಸರು ಹೌಶ್ಯಾ ಎಂದೂ ಬಂತು. ಮುಂದೆ, "ಕರಜಗಿಯಿಂದ ಹೆಣ್ಣ ತಂದಾರ" ಎಂದು ಹಾಡಿ ಮುಂದಿನ ತಲೆಮಾರಿಗೆ ನಡೆದ.

"ತಡಿ, ತಡಿ," ಎಂದೆ. "ಕರಜಗಿಯಿಂದ ತಂದ ಹೆಣ್ಣಿನ ಹೆಸರೇನು?"

ಹೆಳವ ಹೌಹಾರಿದ. "ಧಣ್ಯಾರ, ನಮ್ಮ ಹಿರ್ಯಾರು ಹೇಳಿಕೊಟ್ಟಂಗ ಹೇಳ್ತೀನ್ರಿ. ಹೆಣ್ಣಿನ ಹೆಸರ ಇದರಾಗ ಬರಾಂಗಿಲ್ರಿ."

"ಹೋರಿ ಹೆಸರು ಬರ್ತದ?"

"ಹೋರಿ ಮನೀದಲ್ರೀ ಧಣಿ?"

ದೊಡ್ಡಪ್ಪ ಕಟ್ಟೆಯ ಮೇಲಿಂದ ಗದರಿದರು: "ಏ ಮಾಸ್ತರ, ಸಾಲಿ ಕಲ್ತು ತಲಿ ಕೆಟ್ಟೈತೇನ ನಿಂದು? ಹೆಂಗಸರ ಹೆಸರು ತೊಗೊಂಡು ಏನ ಮಾಡಾಂವ ನೀ? ಹೊಲ ಅವರ ಹೆಸರಿಗಿ ಐತೇನ? ಪಾಪ ಅವಂಗ ಜ್ವಾಳಾ ಕೊಟ್ಟು ಕಳಸು."

ಜೋಳ ಕೊಟ್ಟೆ. ಅವನದೇನು ತಪ್ಪು, ಕಲಿಸಿದ್ದನ್ನು ಹಾಡಿದ. ಸಿಟ್ಟು ಬಂದದ್ದು ಕಲಿಸಿದವರ ಮೇಲೆ. ಹಂದಿಯ ಜೊತೆ ಕಾದಾಡಿ ಸತ್ತ ನಾಯಿಯ ಹೆಸರನ್ನೂ ಕಲ್ಲಿನಲ್ಲಿ ಕೊರೆದು ನಿಲ್ಲಿಸಿದ ನಾಡು ನಮ್ಮದು. ನಾಯಿಗೆ ಸಲ್ಲಬೇಕಾದ್ದು ಸಲ್ಲಲಿ, ಬೇಡವೆನ್ನುವುದಿಲ್ಲ. ಪುರಾಣದ ರಾಣಿಯರನ್ನೇ ನೋಡಿ. ಒಬ್ಬಳಿಗೆ ತೌರಿನ ದೇಶದ ಹೆಸರು, ಇನ್ನೊಬ್ಬಳಿಗೆ ಅಪ್ಪನ ಹೆಸರಿಗೇ ಬಾಲ ಹಚ್ಚಿದ ಹೆಸರು. ತೊಟ್ಟಿಲಲ್ಲಿ ಅವರನ್ನು ಏನೆಂದು ಕರೆದರೋ! ರಾಣಿಯರ ಗತಿಯೇ ಇದಾದರೆ ತಡವಳದಲ್ಲಿ ಕಳೆ ಕಿತ್ತವರನ್ನು ಕೇಳುವವರು ಯಾರು?

ಸೋಲಾಪುರಕ್ಕೆ ಬಂದವನೇ ಅಡುಗೆಮನೆಯಲ್ಲಿ ಕೂತು ಈ ಕೋಪವನ್ನೆಲ್ಲ ಕಾರಿದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಎಲ್ಲ ಕೇಳಿಸಿಕೊಂಡು ಕೈ ನಿಲ್ಲಿಸದೆ ಹೇಳಿದಳು: "ಮುತ್ತಜ್ಜೀದು ಯಾಕ ಕೇಳ್ತೀಯೋ ಯಪ್ಪಾ, ನಂದರ ನಿನಗ ಎಲ್ಲಿ ಗೊತ್ತೈತಿ? ಭಾಗೀರಥಿ ನಿಮ್ಮ ಮನ್ಯಾಗ ಇಟ್ಟಿದ್ದು."

ಇದು ನಮ್ಮ ಕಡೆಯ ರೂಢಿ. ಅಮೆರಿಕದಲ್ಲಿ ಅಡ್ಡಹೆಸರೊಂದು ಹೋಗುತ್ತದೆ, ಮಾರ್ಥಾ ಮಾರ್ಥಾಳಾಗಿಯೇ ಉಳಿಯುತ್ತಾಳೆ. ನಮ್ಮಲ್ಲಿ ಲಗ್ನದ ದಿನ ಗಂಗಾಳದಲ್ಲಿ ಅಕ್ಕಿ ಹರಡಿ, ಮದುಮಗ ಉಂಗುರದಿಂದ ಅದರಲ್ಲಿ ಹೊಸ ಹೆಸರು ಬರೆಯುತ್ತಾನೆ. ಎಲ್ಲರಿಗೂ ಪೇಢೆ ಹಂಚುತ್ತಾರೆ. ಅವತ್ತಿಗೆ ಹಳೆಯ ಹೆಸರು ತೀರಿತು. ನನಗೆ ಇದು ಗೊತ್ತಿಲ್ಲದ್ದಲ್ಲ. ಆದರೆ ಅವ್ವನಿಗೂ ಒಂದು ಹಳೆಯ ಹೆಸರು ಇದ್ದಿರಬೇಕು ಎಂದು ನನಗೆ ಹೊಳೆದೇ ಇರಲಿಲ್ಲ.

"ಮತ್ತ ಏನಿತ್ತು?" ಎಂದೆ.

ಅವ್ವ ಬಾಗಿಲ ಕಡೆ ನೋಡಿ, ಬೇರೆ ಯಾರದೋ ಗುಟ್ಟು ಹೇಳುವವಳಂತೆ ದನಿ ಇಳಿಸಿ, "ನೀಲವ್ವ," ಎಂದಳು.

ನೀಲವ್ವ ನನ್ನ ಮಗಳ ಹೆಸರು. ಅವಳು ಹುಟ್ಟಿದಾಗ ನಾನು ಪಟ್ಟಣಕ್ಕೆ ಒಪ್ಪುವ ನಾಜೂಕಿನ ಹೆಸರೊಂದನ್ನು ಆರಿಸಿ ಇಟ್ಟಿದ್ದೆ. ಯಾವುದಕ್ಕೂ ಹಟ ಹಿಡಿಯದ ಅವ್ವ ಅವತ್ತು ತೊಟ್ಟಿಲ ಹಗ್ಗ ಹಿಡಿದು, ನೀಲವ್ವ ಎಂದೇ ಕರೆಯಬೇಕು ಎಂದು ಕೂತುಬಿಟ್ಟಿದ್ದಳು. ಹಳ್ಳಿಯ ಮುದುಕಿಯ ಹಟವೆಂದು ನಾನು ಮುಖ ಸಿಂಡರಿಸಿಕೊಂಡು ಒಪ್ಪಿದ್ದೆ. ಕಳಕೊಂಡ ಹೆಸರನ್ನು ಅವಳು ಮೊಮ್ಮಗಳಲ್ಲಿ ಇಟ್ಟು ಕಾಪಾಡಿದ್ದಳು. ಇಷ್ಟು ವರ್ಷ ದಿನಕ್ಕೆ ಹತ್ತು ಸಲ ತನ್ನ ಹೆಸರನ್ನು ತಾನೇ ಕೂಗುತ್ತಿದ್ದಳು. ನನಗೆ ಕೆಂಡದಂಥ ಸಿಟ್ಟು ಬಂತು. ಯಾಕೆಂದರೆ ನೀಲವ್ವನ ಮದುವೆ ನಿಶ್ಚಯವಾಗಿತ್ತು. ಸೋಲಾಪುರದಲ್ಲೇ, ನೂಲಿನ ವ್ಯಾಪಾರದವರ ಮನೆ. ಅವರು ಸೊಸೆಗೆ ಸುಲೋಚನಾ ಎಂಬ ಹೆಸರನ್ನು ಆಗಲೇ ಆರಿಸಿಟ್ಟಿದ್ದರು.

"ಬದಲಿ ಮಾಡಗೊಡಾಂಗಿಲ್ಲ!" ಎಂದು ಕೂಗಿದೆ. ಒಲೆಯ ಮುಂದಿದ್ದ ನನ್ನ ಹೆಂಡತಿ ಸರಸ್ವತಿ ತಿರುಗಿಯೂ ನೋಡದೆ ಕೇಳಿದಳು: "ನನ್ನ ಹೆಸರ ಅಕ್ಕ್ಯಾಗ ಬರದಾಂವರು ಯಾರ್ರಿ?" ನಾನು ಪಂಚೆಯ ಚುಂಗು ಸರಿಮಾಡಿಕೊಂಡೆ. ಬರೆದದ್ದು ನಾನೇ. ಅಕ್ಷರ ದುಂಡಗಿವೆ ಎಂದು ಅವತ್ತು ಎಲ್ಲರೂ ಹೊಗಳಿದ್ದರು.

ಲಗ್ನದ ದಿನ ಗಂಗಾಳ ಬಂತು. ನಾನು ಎದ್ದು ನಿಂತು, ಹುಡುಗಿಯ ಹೆಸರು ಇದ್ದ ಹಾಗೆಯೇ ಇರಲಿ ಎಂದೆ. ವಾಲಗದವರು ಸಹ ನಿಲ್ಲಿಸಿದರು. ಬೀಗರು ನಗುತ್ತಲೇ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟರು. "ಅಹೋ ಮಾಸ್ತರ, ನಮ್ಮ ಮನ್ಯಾಗ ರಿವಾಜ ಐತ್ರಿ. ನಮ್ಮ ಮನೀ ಹೆಣ್ಣಮಕ್ಕಳಿಗಿ ನಮ್ಮ ಮನೀ ಹೆಸರ. ಸಾಮಾನ ಬ್ಯಾರೆ ಅಂಗಡಿಗಿ ಹೋದ್ರ ಮಾರ್ಕಾ ಬದಲಿ ಆಗೂದಿಲ್ಲೇನ್ರಿ?" ನೆಂಟರೆಲ್ಲ ನಕ್ಕರು. ನಾನು ಕೂತುಕೊಂಡೆ. ಇನ್ನೊಂದು ಮಾತಾಡಿದ್ದರೆ ಲಗ್ನವೇ ಮುರಿಯುತ್ತಿತ್ತು. ಮಗಳು ತಲೆ ತಗ್ಗಿಸಿ ಕೂತಿದ್ದಳು, ಅವ್ವ ಕಂಬದ ಹಿಂದೆ ಸೆರಗು ಕಚ್ಚಿ ನಿಂತಿದ್ದಳು. ಅಳಿಯ ಉಂಗುರದಿಂದ ಬರೆದ. ಎಲ್ಲರೂ ಪೇಢೆ ತಿಂದರು. ನಾನು ತಿನ್ನಲಿಲ್ಲ. ಇಡೀ ಸೋಲಾಪುರದಲ್ಲಿ ಇದರಿಂದ ಯಾರಿಗೂ ಏನೂ ತೊಂದರೆಯಾಗಲಿಲ್ಲ.

ಮಡಮ್ ಬಾಯಿಗೆ ಇದನ್ನೆಲ್ಲ ಹೇಳಿದೆ. ಅವರು ಗೋಡೆಯ ಕಾಗದದ ಖಾಲಿ ಮನೆಯ ಮೇಲೆ ಬೆರಳಿಟ್ಟು, "ಮಾರ್ಥಾಳನ್ನು ಕೇಳಲು ಈಗ ಯಾರೂ ಇಲ್ಲ. ನಿಮ್ಮ ಮಗಳು ಇರುವಳು," ಎಂದರು. ಪ್ರತ್ಯಯದಲ್ಲಿ ತಪ್ಪಿರಲಿಲ್ಲ.

ಮೊನ್ನೆ ಮಗಳನ್ನು ನೋಡಲು ಹೋದೆ. ಕೆಳಗೆ ಅಂಗಡಿ, ಮೇಲೆ ಮನೆ. ಬೀಗರು ಗಾದಿಯ ಮೇಲೆ ಗುಮಾಸ್ತನ ಜೊತೆ ಲೆಕ್ಕದಲ್ಲಿದ್ದರು. ನಾನು ಮೆಟ್ಟಿಲ ಬುಡದಲ್ಲಿ ನಿಂತು, ಬೇಕೆಂದೇ ಗಟ್ಟಿಯಾಗಿ, "ನೀಲವ್ವಾ!" ಎಂದು ಕೂಗಿದೆ.

"ಆ ಹೆಸರಿನಾವ್ರು ನಮ್ಮ ಮನ್ಯಾಗ ಯಾರೂ ಇಲ್ರಿ ಮಾಸ್ತರ," ಎಂದರು ಬೀಗರು, ತಲೆ ಎತ್ತದೆ.

"ಬಂದೆ ಅಪ್ಪಾ!" ಎಂದು ಮೇಲಿನಿಂದ ಕೇಳಿಬಂತು.

ಮೇಲೆ ಹೋಗಿ ಕೂತೆ. ಮಗಳು ನೀರು ಕೊಟ್ಟು ಚಹಾಕ್ಕೆ ಇಡಲು ಒಳಗೆ ಹೋದಳು. ಬೀಗಿತ್ತಿ ಬಾಗಿಲ ಮರೆಗೆ ಬಂದು ನಿಂತರು. ಗಟ್ಟಿ ಹೆಂಗಸು, ಮಾತು ಕಡಿಮೆ, ಸೆರಗು ಹಣೆಯವರೆಗೆ. ಊರಿಗೆಲ್ಲ ಅವರು ಲಕ್ಷ್ಮೀಬಾಯಿ. ಕೂಗಿದ್ದಕ್ಕೆ ಬೈಯುತ್ತಾರೆ ಎಂದು ನಾನು ಜಗಳಕ್ಕೆ ಮಾತು ಜೋಡಿಸಿಕೊಂಡೆ.

"ಬೀಗರ," ಎಂದರು, "ಮತ್ತೊಮ್ಮೆ ಬಂದಾಗ ನಿಮ್ಮ ಮಗಳನ್ನ ಕರದ ಮ್ಯಾಗ, ದ್ಯಾಮವ್ವಾ ಅಂತನೂ ಒಂದ ಸಲ ಕರೀರಿ. ನಮ್ಮಪ್ಪ ತವರಮನಿ ಬಾಗಲದಾಗ ನಿಂತು ನನ್ನ ಹಂಗ ಕರೀತಿದ್ದ. ಅಂವಾ ಹೋದ ಮ್ಯಾಗ ಯಾರೂ ಕರದಿಲ್ರಿ."

ಇಷ್ಟು ದಿನದ ಸಿಟ್ಟಿನಲ್ಲಿ ಈ ಹೆಂಗಸನ್ನು ನಾನು ಎದುರು ಪಕ್ಷಕ್ಕೆ ಸೇರಿಸಿಬಿಟ್ಟಿದ್ದೆ. ಚಹಾ ಕುಡಿದು ಕೆಳಗಿಳಿದೆ. ಮತ್ತೊಮ್ಮೆ ಬರುವವರೆಗೆ ಯಾರು ಕಾಯುತ್ತಾರೆ? ಬೀದಿಯ ನಡುವೆ ನಿಂತು, ಟಾಂಗಾದವನು ಕುದುರೆ ನಿಲ್ಲಿಸಿ ನೋಡುವ ಹಾಗೆ, ಎರಡೂ ಹೆಸರನ್ನು ಹಿಡಿದು ಕೂಗಿದೆ. ಮೇಲಿನಿಂದ ಎರಡು ದನಿ ಒಟ್ಟಿಗೆ "ಓ" ಎಂದವು.

ಗಾದಿಯ ಮೇಲೆ ಬೀಗರು ಲೆಕ್ಕ ಬಿಟ್ಟು, "ದ್ಯಾಮವ್ವ ಅಂದ್ರ ಯಾರೋ?" ಎಂದು ಗುಮಾಸ್ತನನ್ನು ಕೇಳುತ್ತಿದ್ದರು.