ಹಾರ ಹಾಕದ ಫೋಟೋ

ಚಿತ್ರ ಬರೆಯುತ್ತಿದ್ದ ಸಾಬರ ಕೆಳತುಟಿಯ ಮೇಲೆ ಯಾವಾಗಲೂ ಒಂದು ಬಣ್ಣದ ಚುಕ್ಕೆ. ಕುಂಚದ ತುದಿಯನ್ನು ತುಟಿಯಲ್ಲೇ ಚೂಪು ಮಾಡುವ ಅಭ್ಯಾಸ ಅವರಿಗೆ. ಮೊನ್ನೆ ನನಗೆ ಮೊಮ್ಮಗಳು ಹುಟ್ಟಿದಳು, ನೆಲದ ಮೇಲೆ ಕಾಲೇ ನಿಲ್ಲುತ್ತಿಲ್ಲ. ಈ ಖುಷಿಯಲ್ಲಿ ಮೊದಲು ನೆನಪಾದವರು ಅವರೇ.

ನಾನು ಹಾಲು ಬಿಡುವ ಮೊದಲೇ ಅವ್ವ ತೀರಿಕೊಂಡಳು. ಅವಳದೊಂದು ಫೋಟೋವೂ ಇರಲಿಲ್ಲ. ಅದು ಐವತ್ತರ ದಶಕ. ಗುಂಡ್ಲುಪೇಟೆಯಲ್ಲಿ ಸತ್ತವರ ಫೋಟೋ ಇಲ್ಲದವರೆಲ್ಲ ಸಾಬರ ಹತ್ತಿರ ಹೋಗುತ್ತಿದ್ದರು. ಚಾಮರಾಜನಗರದಲ್ಲಿ ಸ್ಟುಡಿಯೋ ಒಂದು ಮುಚ್ಚಿದಾಗ, ಯಾರೂ ಬಂದು ಒಯ್ಯದೆ ಉಳಿದ ಫೋಟೋಗಳನ್ನು ಅವರು ತಂದಿಟ್ಟುಕೊಂಡಿದ್ದರು. ಸತ್ತವರನ್ನು ಅಷ್ಟೋ ಇಷ್ಟೋ ಹೋಲುವ ಒಂದನ್ನು ಹುಡುಕಿ, ಅದರ ಮೇಲೇ ಬಣ್ಣ ಹಚ್ಚಿ, ಮೂಗುಬೊಟ್ಟು, ಕುಂಕುಮ ತಿದ್ದಿ ಕೊಡುತ್ತಿದ್ದರು. ಅಪ್ಪನೂ ಹಾಗೇ ಒಬ್ಬ ಅವ್ವನನ್ನು ತಂದು ಗೋಡೆಗೆ ತಗುಲಿಸಿ ಹಾರ ಹಾಕಿದ. ತಟ್ಟೆಗೆ ಕೈ ಹಾಕುವ ಮೊದಲು ನಾನು ಅವಳಿಗೊಂದು ಮಾತು ಹೇಳುತ್ತಿದ್ದೆ.

ಒಂದು ದಿನ ಸಾಬರು ಏದುಸಿರು ಬಿಡುತ್ತಾ ಬಂದವರೇ ಹಾರ ಕಿತ್ತರು.

“ಇದೇನ್ ಸಾಬ್ರೇ?” ಅಂದ ಅಪ್ಪ.

“ಗೌಡ್ರೇ, ಈ ಫೋಟೋದಮ್ಮ ಬದುಕವ್ರೆ! ಈಗ್ ತಾನೇ ಬೇಗೂರು ಬಸ್ಸಲ್ಲಿ ಕುಂತಿದ್ರು, ಕಣ್ಣಾರೆ ಕಂಡೆ. ಬದುಕಿರೋರ್ಗೆ ಹಾರ ಹಾಕ್ಸ್ಬುಟ್ನಲ್ಲ, ತೋಬಾ! ಕೊಡಿ, ತಗೊಂಡೋಯ್ತೀನಿ.”

ನಾನು ಫೋಟೋ ತಬ್ಬಿಕೊಂಡು ಕಿರುಚಿದೆ: “ನಮ್ಮವ್ವನ್ನ ಕೊಡಾಕಿಲ್ಲ!”

ಸಾಬರು ಫೋಟೋ ಬಿಟ್ಟು, ಹಾರವನ್ನಷ್ಟೇ ಒಯ್ದರು. ಮಾರನೆಯ ದಿನ ಬೇಗೂರಿಗೆ ಹೋಗಿ, ಆ ಅಮ್ಮನ ಮನೆ ಕೇಳಿಕೊಂಡು, ಎಲ್ಲವನ್ನೂ ಹೇಳಿ ಬಂದರು. ಆಕೆ ಬೈದು ಬೈದು ಕೊನೆಗೆ ಅಂದಳಂತೆ: “ಮಗೀಗೆ ಅವ್ವ ಇರ್ಲಿ ಕಣಯ್ಯ. ನನ್ ಮುಖ ಮಾತ್ರ ನಂಗೆ ವಾಪಸ್ ಕೊಟ್ಬುಡು.”

ಅಲ್ಲಿಂದಾಚೆಗೆ ಸಾಬರು ಮನೆಗೆ ಬಂದಾಗಲೆಲ್ಲ ನನ್ನನ್ನು ಬಾಗಿಲ ಬೆಳಕಿಗೆ ಕೂರಿಸಿ, ಗದ್ದ ಎತ್ತಿ ನೋಡಿ, ಫೋಟೋದ ಮುಖವನ್ನು ಕೆರೆದು ಕೆರೆದು ನನ್ನದನ್ನು ಬರೆಯುತ್ತಿದ್ದರು. “ಅಳ್ಳಾಡ್ಬೇಡ ಕಣಮ್ಮಿ, ನಿಮ್ಮವ್ವ ನಿನ್ ಮುಖ್ದಲ್ಲೇ ಅವ್ಳೆ.” ನಾನು ಬೆಳೆದಂತೆಲ್ಲ ಅವ್ವನಿಗೆ ಕಣ್ಣು ಬಂತು, ಮೂಗು ಬಂತು. ಸ್ಟುಡಿಯೋದ ಉಳಿದ ಫೋಟೋಗಳನ್ನು ಅವರು ಮತ್ತೆ ಮುಟ್ಟಲಿಲ್ಲ. ಅಂಗಡಿ ಬೋರ್ಡು ಬರೆದು ಬದುಕಿದರು. ಎದ್ದು ಹೊರಡುವಾಗ ಪ್ರತಿ ಸಲ ಒಂದೇ ಪ್ರಶ್ನೆ: “ಇದ್ರಲ್ಲಿ ಇನ್ನೂ ಬೇಗೂರಮ್ಮ ಕಾಣ್ತಾರಾ?” ಇಲ್ಲ ಅಂದರೂ ನಂಬುತ್ತಿರಲಿಲ್ಲ. ಕೊನೆಗೆ ತುಟಿಯೊಂದು ಬಾಕಿ ಇತ್ತು. ಅದನ್ನು ಹಾಗೇ ಉಳಿಸಿ ತೀರಿಕೊಂಡರು.

ಮೊನ್ನೆ ಮೊಮ್ಮಗಳನ್ನು ಆ ಫೋಟೋ ಮುಂದೆ ಎತ್ತಿ ಹಿಡಿದೆ. “ಅಯ್ಯೋ, ಮುತ್ತಜ್ಜಿ ಕಣ್ಣೇ! ಮೂಗೂ ಅದೇ ಕಣ್ರೀ!” ಅಂತ ಎಲ್ಲರೂ ಕೂಗಿದರು. ನಾನಂತೂ ನಕ್ಕು ನಕ್ಕು ಅತ್ತುಬಿಟ್ಟೆ. ಬೀಗಿತ್ತಿ ಮಾತ್ರ ಕೇಳಿದಳು, “ಅಲ್ಲ, ಒಂದು ಹಾರ ಹಾಕ್ಬಾರ್ದಾ?”

“ತುಟಿ ಇನ್ನೂ ಬೇಗೂರಮ್ಮಂದು ಕಣಮ್ಮ,” ಅಂದೆ. “ಎಲ್ಲಿದ್ರೂ ತಣ್ಣಗಿರ್ಲಿ.”