ಡಬ್ಬಿಯೊಳಗಿನ ಗುಂಬಜ್

ಆಗಿನ ಕಾಲ ಹಾಗಿತ್ತು, ಹೀಗಿತ್ತು ಎಂದು ಸಲೀಸಾಗಿ ಬರೆಯುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಅವರಿಗೆ ಎಲ್ಲವೂ ನೆನಪಿರುತ್ತದೆ. ಕಾಶಕ್ಕನ ಮದುವೆಯ ಆ ಚಳಿಗಾಲದಲ್ಲಿ ನಿಜವಾಗಿ ನಡೆದದ್ದೆಷ್ಟು, ನಾನು ಆಮೇಲೆ ಸೇರಿಸಿಕೊಂಡದ್ದೆಷ್ಟು ಎಂದು ನನಗೇ ಖಾತ್ರಿಯಿಲ್ಲ. ಹೈದರಾಬಾದಿನಲ್ಲಿ ಓದುವಾಗ ಮೇಷ್ಟರೊಬ್ಬರು ಸಾಕ್ಷಿಯಿಲ್ಲದ ಮಾತನ್ನು ನಂಬಬೇಡಿ ಎಂದು ಕಲಿಸಿದರು. ಅಂದಿನಿಂದ ನನ್ನ ಬಾಲ್ಯವನ್ನೇ ನಂಬಲು ಕಷ್ಟವಾಗಿದೆ.

ನಮ್ಮ ಬಸವಕಲ್ಯಾಣವನ್ನು ಆಗ ಕಲ್ಯಾಣಿ ಎನ್ನುತ್ತಿದ್ದರು. ನಿಜಾಮನ ರಾಜ್ಯ. ನಮ್ಮದು ಕುರಿ ಸಾಕುವ ಮನೆ. ಬಾಗಿಲಲ್ಲಿ ಕಾಲಿಟ್ಟರೆ ಉಣ್ಣೆಯ ನಾತ, ಒಳಗೆ ಹೋದರೆ ಜೋಳದ ರೊಟ್ಟಿಯ ಮತ್ತು ಅಗಸಿ ಹಿಂಡಿಯ ವಾಸನೆ. ಅವ್ವ ನನ್ನನ್ನು ಹೆತ್ತು ಸ್ವಲ್ಪ ದಿನಕ್ಕೇ ತೀರಿಕೊಂಡಿದ್ದಳು. ನನ್ನನ್ನೂ ಕಾಶಕ್ಕನನ್ನೂ ಸಾಕಿದವಳು ಅಪ್ಪನ ಅಕ್ಕ, ನೀಲಮ್ಮ ಅತ್ತಿ. ಅವಳು ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. ‘ಅಳಿಯಾ’ ಎನ್ನುತ್ತಿದ್ದಳು. ಸಿಟ್ಟು ಬಂದರೆ ‘ಅಳಿಯಂದ್ರ’.

ಅತ್ತಿಯ ಗಂಡ ಮಲ್ಲಪ್ಪ ಮಾವ ನಾನು ಹುಟ್ಟುವುದಕ್ಕೆ ಎಷ್ಟೋ ಮೊದಲು, ಊರವರು ಜರ್ಮನ್ ಲಡಾಯಿ ಎನ್ನುತ್ತಿದ್ದ ಮೊದಲ ಮಹಾಯುದ್ಧದ ಕಾಲಕ್ಕೆ, ಖಚ್ಚರ ಎಂದರೆ ಹೇಸರಗತ್ತೆ ಹೊಡೆಯುವ ಕೆಲಸಕ್ಕೆಂದು ಪಲ್ಟನ್ನಿನ ಜೊತೆ ಹೋದವನು ತಿರುಗಿ ಬಂದಿರಲಿಲ್ಲ. ಜೊತೆಗೆ ಹೋಗಿದ್ದ ದುಬಲಗುಂಡಿಯವನೊಬ್ಬ ಮರಳಿ ಬಂದು, “ಗಾಯ ಆಗಿತ್ತು, ಹಡಗಿನಾಗ ಹಾಕಿ ಒಯ್ದರು” ಎಂದು ಹೇಳಿದ್ದನಂತೆ. ಅಷ್ಟೇ ಸುದ್ದಿ. ಮಾವನ ಕಂಬಳಿ ನಡುಮನೆಯ ಗೂಟಕ್ಕೆ ತೂಗುತ್ತಿತ್ತು. ಅದರ ಕೆಳಗೆ ನಾವು ಗೋಟಿ ಆಡುವಂತಿರಲಿಲ್ಲ. ಗಾಳಿ ಬೀಸಿ ಅದು ಅಲುಗಿದರೆ ಅತ್ತಿ ತಲೆಯ ಮೇಲೆ ಸೆರಗು ಎಳೆದುಕೊಳ್ಳುತ್ತಿದ್ದಳು. ಹಿರಿಯರು ಒಳಗೆ ಬಂದಾಗ ಹೆಂಗಸರು ಎಳೆದುಕೊಳ್ಳುತ್ತಾರಲ್ಲ, ಹಾಗೆ. ಆ ಕಂಬಳಿಯೊಳಗೆ ಯಾರೋ ಇದ್ದಾರೆ ಎಂದೇ ನಾನು ಬೆಳೆದೆ.

ಕಾಶಕ್ಕನ ಮದುವೆ ಮಂಠಾಳದ ಕಡೆಗೆ ಗೊತ್ತಾಯಿತು. ಅರಿಷಿಣ ಕುಟ್ಟುವ ಶಾಸ್ತ್ರಕ್ಕೆ ಐದು ಮಂದಿ ಮುತ್ತೈದೆಯರು ಬೇಕು. ಮೊದಲ ಒನಕೆ ಹಾಕುವವಳು ಅತ್ತಿಯೇ ಎಂದು ಕಾಶಕ್ಕ ಹಟ ಹಿಡಿದಿದ್ದಳು. ಆದರೆ ಗಂಡಿನ ಅಜ್ಜಿ ಮಾತುಕತೆಯ ದಿನವೇ ಅಪ್ಪನನ್ನು ಕೇಳಿದ್ದಳು.

“ಯಪ್ಪಾ, ನಿಮ್ಮ ಅಕ್ಕ ಮುತ್ತೈದಿನೋ, ಅಲ್ಲೋ? ತಪ್ಪು ತಿಳೀಬ್ಯಾಡ್ರಿ. ನಮಗೂ ನಾಕ ಮಂದಿ ಕೇಳ್ತಾರ.”

“ಬರೋ ಸೋಮವಾರ ಬರ್ತೀರಲ್ರಿ, ಹೇಳ್ತೀನಿ” ಎಂದಿದ್ದ ಅಪ್ಪ. ಅಷ್ಟು ವರ್ಷ ಆ ಪ್ರಶ್ನೆಯನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಕೇಳಿರಲಿಲ್ಲ. ಅತ್ತಿಯ ಕೈತುಂಬ ಹಸಿರು ಬಳೆ ಇದ್ದವು, ಹಣೆಯಲ್ಲಿ ಕುಂಕುಮ ಇತ್ತು. ಅದೇ ಉತ್ತರ ಎಂಬಂತೆ ಎಲ್ಲರೂ ನಡೆದುಕೊಳ್ಳುತ್ತಿದ್ದರು.

ಆ ವಾರದಲ್ಲೇ ಮದುವೆಯ ಬಳೆ, ಬಟ್ಟೆ ತರಲು ಗಾಡಿ ಹೂಡಿಕೊಂಡು ಹುಮನಾಬಾದದ ಸಂತೆಗೆ ಹೋದೆವು. ಬಳೆಗಾರರ ಸಾಲಿನ ಕೊನೆಗೆ ಡಬ್ಬಿವಾಲಾ ನಿಂತಿದ್ದ. ಮರದ ದೊಡ್ಡ ಡಬ್ಬಿ, ಮುಂದೆ ಗಾಜು ಕೂರಿಸಿದ ಕಿಂಡಿಗಳು. ಕಿಂಡಿಗೆ ಕಣ್ಣಿಟ್ಟರೆ ಅವನು ದಾರ ಎಳೆಯುತ್ತ ಒಳಗಿನ ಚಿತ್ರ ಬದಲಿಸುತ್ತಿದ್ದ.

“ಬರ್ರಿ, ಬರ್ರಿ, ವಿಲಾಯತಿ ಸಮುದ್ರ ನೋಡ್ರಿ! ನೀರಾಗ ಇಳಿಯೋ ಬಿಳೇ ಮೇಮ್‌ಸಾಬ್ ನೋಡ್ರಿ! ಮೀನಿನ ಮಹಲ್ ನೋಡ್ರಿ!”

ನಾನು ನೋಡಿದೆ. ಕಬ್ಬಿಣದ ಉದ್ದನೆಯ ಸೇತುವೆಯೊಂದು ಸಮುದ್ರದೊಳಗೆ ಹೋಗಿ ನಡುವೆಯೇ ನಿಂತುಬಿಟ್ಟಿತ್ತು. ಆಚೆ ದಂಡೆಯೇ ಇಲ್ಲ. ಅದರ ಮೇಲೆ ಟೊಪ್ಪಿಗೆಯ ಜನ ಸುಮ್ಮನೆ ಅಡ್ಡಾಡುತ್ತಿದ್ದರು. ಎಲ್ಲಿಗೂ ಮುಟ್ಟದ ಸೇತುವೆಯನ್ನು ಯಾಕೆ ಕಟ್ಟುತ್ತಾರೆ ಎಂದು ನಾನು ಕೇಳಿದೆ. ಅತ್ತಿ ನನ್ನ ಭುಜ ಹಿಡಿದು ಸರಿಸಿದಳು.

“ಸರಿ ಅತ್ತಾಗ, ಅಳಿಯಂದ್ರ. ಹಂತಾದ್ದೇನದ, ನಾನೂ ನೋಡ್ತೀನಿ.”

ಅವಳು ಬಗ್ಗಿದಳು. ಡಬ್ಬಿವಾಲಾ ದಾರ ಎಳೆದ. ಎರಡು ಚಿತ್ರಕ್ಕೆ ಅವಳು ನಕ್ಕಳು. ಮೂರನೆಯದಕ್ಕೆ ನಗು ನಿಂತಿತು. ಸೆರಗು ತಲೆಯ ಮೇಲೆ ಬಂತು.

“ತಮ್ಮಾ, ಇಲ್ಲಿ ಬಾ. ನಿಮ್ಮ ಮಾವ ನಿಂತಾನ” ಎಂದು ಅಪ್ಪನನ್ನು ಕರೆದಳು.

ಆಮೇಲೆ ನಾನೂ ನೋಡಿದೆ. ಅಥವಾ ನೋಡಿದ ನೆನಪಿದೆ. ಸಾಲಾಗಿ ಗುಂಬಜ್‌ಗಳು, ತೆಳ್ಳಗಿನ ಮಿನಾರುಗಳು, ಮುಂದೆ ಹುಲ್ಲು. ಹುಲ್ಲಿನ ಮೇಲೆ ರುಮಾಲು ಸುತ್ತಿದ ನಮ್ಮಂಥ ಜನ ಕೂತಿದ್ದರು. ಒಬ್ಬ ಮಾತ್ರ ಕುರ್ಚಿಯ ಬೆನ್ನು ಹಿಡಿದು ಒಂದೇ ಕಾಲ ಮೇಲೆ ಭಾರ ಹಾಕಿ ನಿಂತಿದ್ದ. ಮಾವನ ಮುಖವನ್ನು ನಾನು ಕಂಡವನೇ ಅಲ್ಲ. ಆದರೂ ಗುರುತು ಹಿಡಿದೆ ಎಂಬ ನೆನಪು ನನಗಿದೆ. ಇದು ಹೇಗೆ ಸಾಧ್ಯ? ಕಾಶಕ್ಕ ಹೇಳುತ್ತಿದ್ದ ಪ್ರಕಾರ ನಾನು ಆ ಚಿತ್ರ ನೋಡಲೇ ಇಲ್ಲ, ಅಪ್ಪ ನನ್ನನ್ನು ಅತ್ತ ಎಳೆದಿದ್ದ.

ಅಪ್ಪ ಬಗ್ಗಿ ಬಹಳ ಹೊತ್ತು ನೋಡಿದ. ಅವನು ಪ್ರತಿ ವರ್ಷ ಉಣ್ಣೆ ಹೇರಿಕೊಂಡು ಬೀದರಕ್ಕೆ ಹೋಗಿಬರುವವನು.

“ಇದು ಯಾವ ಊರೋ?” ಎಂದ.

“ವಿಲಾಯತ್ ರೀ, ಸಮುದ್ರದ ದಂಡಿ ಮ್ಯಾಲಿನ ಊರು. ಅದು ಅವರ ಬಾದಶಹನ ಮಹಲ್” ಎಂದ ಡಬ್ಬಿವಾಲಾ.

ಸುತ್ತ ನೆರೆದವರು ನಗಲು ಶುರುಮಾಡಿದರು. ತಂಬಾಕು ಮಾರುವವನೊಬ್ಬ ಕಿಂಡಿಗೆ ಕಣ್ಣಿಟ್ಟು ಕೂಗಿದ: “ಎಲ್ಲಿ ವಿಲಾಯತ್ತಲೇ? ಗೋರಾ ರಾಜಗ ಗುಂಬಜ್ ಯಾಕ ಬೇಕು, ನಮಾಜ್ ಮಾಡ್ತಾನೇನು? ಇದು ನಮ್ಮ ಬೀದರದ ಅಷ್ಟೂರು, ಸುಲ್ತಾನರ ಗೋರಿಗಳು!”

“ಮುಂಬೈಯಾಗ ಚಿತ್ರ ಕೊಟ್ಟಾವ ಹಂಗ ಹೇಳಿದನ್ರಿ. ನಾನೇನು ಹೋಗಿ ನೋಡೀನೇನು?” ಎಂದು ಡಬ್ಬಿವಾಲಾ ಮುಖ ಸಣ್ಣದು ಮಾಡಿದ.

ಅತ್ತಿ ನಗೆಪಾಟಲಾಗುತ್ತಾಳೆಂದು ಅಪ್ಪನಿಗೆ ಅನಿಸಿರಬೇಕು. ಮೆಲ್ಲಗೆ ಹೇಳಿದ: “ಅಕ್ಕಾ, ಅವರು ಅನ್ನೋದು ಖರೆ ಅದ. ಇದು ಅಷ್ಟೂರು. ನಾ ಆ ಗುಂಬಜ್ ನೆಳ್ಳಾಗೇ ಬುತ್ತಿ ಬಿಚ್ಚತೀನಿ. ನಡಿ ಹೋಗೋಣು.”

ಅತ್ತಿ ಅಲ್ಲಾಡಲಿಲ್ಲ.

“ಹಂಗಾದ್ರ ಅವ ಬೀದರದಾಗ ಅದಾನ?”

“ಅವ ಅಲ್ಲ ಬಿಡವ್ವಾ, ಯಾರೋ...”

“ಅವ ಹೌದು. ಅದರ ಬಗ್ಗೆ ನೀ ಮಾತಾಡಬ್ಯಾಡ. ಊರು ಯಾವುದು ಅಂತ ಅಷ್ಟ ಕೇಳಾಕತ್ತೀನಿ.”

ಅಪ್ಪನಿಗಿಂತ ಮೊದಲು ತಂಬಾಕಿನವನೇ ಬಾಯಿ ಹಾಕಿದ: “ಬೀದರ ನೋಡವ್ವ, ಬೀದರ! ಈಗ ಗಾಡಿ ಹೂಡಿದ್ರ ನಾಳಿ ಸಂಜಿಗೆ ಮುಟ್ಟತಿ!”

ಜನ ನಕ್ಕರು. ಅತ್ತಿ ಯಾರನ್ನೂ ನೋಡದೆ ಗಾಡಿಯ ಕಡೆ ನಡೆದಳು. ಬಳೆಗಾರ ಅವಳಿಗೆಂದು ಎತ್ತಿಟ್ಟಿದ್ದ ಹಸಿರು ಬಳೆಗಳು ಅವನ ಹತ್ತಿರವೇ ಉಳಿದವು. ಕಲ್ಯಾಣಿಯ ದಾರಿಯುದ್ದಕ್ಕೂ ಅಪ್ಪ ಮಾತು ತೆಗೆಯಲು ನೋಡಿದ.

“ನಾ ಬೀದರಕ್ಕ ಹೋಗಿ ಹುಡುಕಿ ಕರಕೊಂಡು ಬರ್ತೀನಿ ತಗೋ.”

“ಹುಡುಕಿ ತಂದವನ ಜೋಡಿ ನಾ ಏನು ಮಾತಾಡ್ಲಿ, ತಮ್ಮಾ? ಸಮುದ್ರದಾಚಿ ಇದ್ರ ಬರಲಾಕ ಆಗಲಿಲ್ಲ ಅಂತಿದ್ದೆ. ಗಾಡಿ ಹಾದ್ಯಾಗ ಇದ್ದೂ ಬರಲಿಲ್ಲ ಅಂದ್ರ?”

ಸೋಮವಾರ ಮಂಠಾಳದವರು ಬಂದರು. ಗಂಡಿನ ಅಜ್ಜಿ ಕೂತು, ನೀರು ಕುಡಿದು, ಅಪ್ಪನ ಮುಖ ನೋಡಿದಳು. ಅಪ್ಪ ಬಾಯಿ ತೆರೆಯುವ ಮೊದಲೇ ಒಳಗಿನಿಂದ ಅತ್ತಿ ಹೇಳಿದಳು.

“ನಾ ಕುಟ್ಟಂಗಿಲ್ರಿ, ಯಮ್ಮಾ. ನನ್ನ ಗಂಡ ಸತ್ತಾನ.”

ಹೊರಗೆ ಬಂದು ಅಂಗಳದ ಒರಳಿನ ಅಂಚಿಗೆ ಎರಡೂ ಕೈ ಬಡಿದಳು. ಆ ಸದ್ದು ದೊಡ್ಡದೇನಲ್ಲ. ಕಾಶಕ್ಕ ಓಡಿಹೋಗಿ, “ನೀನೇ ಕುಟ್ಟಬೇಕು, ಅತ್ತಿ, ನೀನೇ” ಎಂದು ಅವಳ ಕೈ ಹಿಡಿದಾಗ ಅಕ್ಕನ ಅಂಗೈಯಲ್ಲೂ ಗಾಜು ಚುಚ್ಚಿತು. ಕಂಬಳಿಯನ್ನು ಅತ್ತಿ ಅಂದೇ ಗೂಟದಿಂದ ಇಳಿಸಿ ಹೊಸದಾಗಿ ಹುಟ್ಟಿದ ಕುರಿಮರಿಗಳ ಕೆಳಗೆ ಹಾಸಿದಳು. ಮರಿಗಳು ಅದರ ಮೇಲೆ ಬೆಚ್ಚಗೆ ಮಲಗಿದವು. ಖಾಲಿ ಗೂಟದ ಕೆಳಗೆ ನಾವು ಈಗ ಗೋಟಿ ಆಡಬಹುದಿತ್ತು. ನಾನು ಆಡಲಿಲ್ಲ. ಗಾಳಿ ಬಂದಾಗ ಅಲ್ಲಿ ಏನೋ ಅಲುಗಿದಂತೆ ಆಗುತ್ತಿತ್ತು. ಅತ್ತಿ ಮಾತ್ರ ಸೆರಗು ಎಳೆದುಕೊಳ್ಳುವುದನ್ನು ಬಿಟ್ಟಿದ್ದಳು.

ಕಾಶಕ್ಕನಿಗೆ ಅರಿಷಿಣ ಕುಟ್ಟಿದವರು ಬೇರೆಯವರು. ಅತ್ತಿ ಆ ಹೊತ್ತು ಕುರಿ ಹಟ್ಟಿಯಲ್ಲಿ ಕೂತಿದ್ದಳು. ಮುಂದೆಂದೂ ಮಾವನ ಹೆಸರೆತ್ತಲಿಲ್ಲ. ನಿಜಾಮನ ಆಳ್ವಿಕೆ ಮುಗಿಯುವ ಮೊದಲೇ ತೀರಿಕೊಂಡಳು. ಅಪ್ಪ ಬದುಕಿರುವವರೆಗೆ ಬೀದರಕ್ಕೆ ಹೋದಾಗಲೆಲ್ಲ ಅಷ್ಟೂರಿನಲ್ಲಿ ಸಿಕ್ಕವರ ಮುಖ ನೋಡುತ್ತ ತಿರುಗುತ್ತಿದ್ದನಂತೆ.

ದೊಡ್ಡವನಾದ ಮೇಲೆ ನಾನೂ ಅಷ್ಟೂರಿಗೆ ಹೋದೆ. ಗುಂಬಜ್‌ಗಳು ಇದ್ದವು, ಆದರೆ ಆ ತೆಳ್ಳಗಿನ ಮಿನಾರುಗಳಿರಲಿಲ್ಲ. ಬಹಳ ವರ್ಷದ ನಂತರ ಕೆಲಸದ ಮೇಲೆ ಇಂಗ್ಲೆಂಡಿಗೆ ಹೋದಾಗ ಯಾರೋ ರಜೆಯ ದಿನ ಸಮುದ್ರ ನೋಡಲು ಬ್ರೈಟನ್ ಎಂಬ ಊರಿಗೆ ಕರೆದೊಯ್ದರು. ಎಲ್ಲಿಗೂ ಮುಟ್ಟದ ಸೇತುವೆಯ ಮೇಲೆ ಜನ ಐಸ್‌ಕ್ರೀಮ್ ತಿನ್ನುತ್ತ ಅಡ್ಡಾಡುತ್ತಿದ್ದರು. ಪಕ್ಕದಲ್ಲಿ ಗಾಜಿನ ತೊಟ್ಟಿಗಳಲ್ಲಿ ಮೀನು ತೋರಿಸುವ ಮೀನಿನ ಮಹಲ್. ಬೀದಿ ತಿರುಗಿದರೆ ಹುಲ್ಲು, ಮಿನಾರು, ಗುಂಬಜ್‌ಗಳ ಸಾಲು. ಅವರ ರಾಜನೊಬ್ಬ ಮೋಜಿಗೆಂದು ನಮ್ಮ ಕಡೆಯ ಮಾದರಿಯಲ್ಲಿ ಕಟ್ಟಿಸಿದ ಅರಮನೆ. ಚೀಟಿ ಕೊಂಡು ಒಳಗೆ ಹೋಗಬೇಕಿತ್ತು. ನಾನು ಹೊರಗೇ ಹುಲ್ಲಿನ ಮೇಲೆ ಕೂತುಬಿಟ್ಟೆ.

ಇದನ್ನು ಹೇಳಬೇಕಾದ ಕಿವಿಗಳಲ್ಲಿ ಒಂದೂ ಈಗ ಇಲ್ಲ. ಕಾಶಕ್ಕನೂ ಹೋದಳು. ನೀನು ಆ ಚಿತ್ರ ನೋಡಲೇ ಇಲ್ಲ ಎಂದು ನನ್ನನ್ನು ಗದರಿಸಲೂ ಯಾರಿಲ್ಲ. ಕುರ್ಚಿ ಹಿಡಿದು ನಿಂತವನು ಮಲ್ಲಪ್ಪ ಮಾವನೇ ಎಂದು ನಾನು ಹೇಳಲಾರೆ. ಅದಕ್ಕೆ ಸಾಕ್ಷಿಯಿಲ್ಲ. ಒಂದನ್ನು ಮಾತ್ರ ಬಾಗಿಲಲ್ಲಿದ್ದವರನ್ನು ಕೇಳಿ, ಆಮೇಲೆ ಪುಸ್ತಕಗಳಲ್ಲೂ ನೋಡಿ ಖಾತ್ರಿ ಮಾಡಿಕೊಂಡಿದ್ದೇನೆ: ಜರ್ಮನ್ ಲಡಾಯಿಯ ಕಾಲದಲ್ಲಿ ಆ ಅರಮನೆ ಆಸ್ಪತ್ರೆಯಾಗಿತ್ತು, ಹಡಗಿನಲ್ಲಿ ತಂದ ನಮ್ಮ ದೇಶದ ಗಾಯಾಳುಗಳನ್ನು ಆ ಗುಂಬಜ್‌ಗಳ ಕೆಳಗೇ ಮಲಗಿಸಿದ್ದರು.