ಮಡಿಲ ಬಟ್ಟೆಯ ಲೇಸು

ನಮ್ಮ ಸೋದರತ್ತೆಯ ಬಲಗೈ ತೋರುಬೆರಳಿನ ಒಳಮೈಯಲ್ಲಿ ಒಂದು ಗೆರೆಯಿತ್ತು. ಹುಟ್ಟಿನಿಂದ ಬಂದದ್ದಲ್ಲ, ವರ್ಷಗಟ್ಟಲೆ ನೂಲು ಹಾದು ಹಾದು ಚರ್ಮ ಗಡುಸಾಗಿ, ನಡುವೆ ಸಣ್ಣ ಕಾಲುವೆಯಂತೆ ಹಳ್ಳಬಿದ್ದಿತ್ತು. ಸಾರಿನ ಪುಡಿ ಮಾಡಿದ ದಿನ ಎಷ್ಟು ಕೈ ತೊಳೆದರೂ ಆ ಗೆರೆಯಲ್ಲಿ ಮಾತ್ರ ಕೆಂಪು ಉಳಿದಿರುತ್ತಿತ್ತು.

ಆ ಕೈಯ ಬಗ್ಗೆ ನಮ್ಮ ಮನೆಯವರು ಈಗ ಹೇಳುವ ಕಥೆ ಹೀಗಿದೆ. ಮನೆತನದ ಹೆಣ್ಣುಮಕ್ಕಳ ಮದುವೆಗೆಲ್ಲ, ಮಡಿಲು ತುಂಬುವ ಬಟ್ಟೆಗೆ ತಾವೇ ನೂತ ನೂಲಿನಲ್ಲಿ ಲೇಸು ಹೆಣೆದುಕೊಟ್ಟ ಕೈ ಅದು. ಚಿಕ್ಕಪ್ಪನ ಮಗಳಿಗೆ ಮಾತ್ರ ಹೆಣೆಯಲಿಲ್ಲ. ಅವಳು ಬೇರೆ ಜಾತಿಯವನನ್ನು ಮದುವೆಯಾದಳು, ಅತ್ತೆ ಹಠ ಹಿಡಿದರು, ಸಾಯುವತನಕ ಬಿಡಲಿಲ್ಲ. ಕಥೆ ಚೆನ್ನಾಗಿದೆ. ಆರೋಪ ಹೊತ್ತವರು ಬದುಕಿಲ್ಲ, ಉಳಿದವರೆಲ್ಲ ಒಳ್ಳೆಯವರು. ಇಷ್ಟು ಅನುಕೂಲವಾದ ಕಥೆ ಕಂಡರೆ ನನಗೆ ಅನುಮಾನ.

ಡಿಗ್ರಿ ಓದುವಾಗ ನಾನು ಚನ್ನರಾಯಪಟ್ಟಣದ ಅವರ ಮನೆಯಲ್ಲಿದ್ದೆ. ಹಿತ್ತಲಲ್ಲಿ ದೇವರ ದೀಪದ ಬತ್ತಿಗೆಂದು ಬೆಳೆಸಿದ ಹತ್ತಿಗಿಡವಿತ್ತು. ಬತ್ತಿಗೆ ಹೋಗಿ ಉಳಿದ ಹತ್ತಿಯೆಲ್ಲ ಅತ್ತೆಯ ತಕಲಿಗೆ. ಮಣೆಯ ಮೇಲೆ ಕಬ್ಬಿಣದ ಸರಳು ಉರುಳಿಸಿ ಬೀಜ ಬಿಡಿಸುವುದು, ಬೆರಳಲ್ಲೇ ಬಿಡಿಸಿ ಹದ ಮಾಡುವುದು, ಆಮೇಲೆ ತಕಲಿ ತಿರುಗಿಸಿ ನೂಲುವುದು. ನೂಲುವುದನ್ನು ಅವರಿಗೆ ಕಲಿಸಿದ್ದು ಅವರ ಕಾಲದ ಪ್ರೈಮರಿ ಶಾಲೆ, ಲೇಸು ಕಲಿಸಿದ್ದು ಹೊಲಿಗೆ ಕ್ಲಾಸಿನ ಟೀಚರು. ಹೆಣೆಯುವ ಕಡ್ಡಿಗಳು ಮಾತ್ರ ಅಂಗಡಿಯವಲ್ಲ. ಹಳೇ ಸೈಕಲ್ಲಿನ ಚಕ್ರದ ಕಡ್ಡಿಗಳನ್ನು ಒಗೆಯುವ ಕಲ್ಲಿಗೆ ಉಜ್ಜಿ ನುಣುಪು ಮಾಡಿದ್ದು.

ಅವರು ತಾಳ್ಮೆಯ ಮೂರ್ತಿ ಎನ್ನುವವರೂ ಇದ್ದಾರೆ. ಅದೂ ಸುಳ್ಳು. ಸೀರಿಯಲ್ಲಿನಲ್ಲಿ ಅಳು ಶುರುವಾದರೆ ಚಾನೆಲ್ ಬದಲಾಗುತ್ತಿತ್ತು. ಲೇಸಿನಲ್ಲಿ ಒಂದು ಕುಣಿಕೆ ಜಾರಿದರೆ ಕಡ್ಡಿಯನ್ನೂ ನೂಲನ್ನೂ ಪಕ್ಕದಲ್ಲಿ ಕೂತ ನನ್ನನ್ನೂ ಸೇರಿಸಿ ಬೈದು, ಇಡೀ ಅಂಗೈ ಅಗಲ ಬಿಚ್ಚಿ ಹಾಕುತ್ತಿದ್ದರು. “ತೂತು ನಾವಾಗಿ ಬುಟ್ರೆ ಲೇಸು ಕಣೆ, ಅದಾಗೇ ಬಿದ್ರೆ ಹರಕ್ಲು” ಎನ್ನುತ್ತಿದ್ದರು. ತಿಥಿಯ ದಿನ ಯಾರೋ ಈ ಮಾತನ್ನೂ ವೇದಾಂತ ಮಾಡಿದರು. ಅವರು ಹೇಳಿದ್ದು ಲೇಸಿನ ವಿಷಯ, ಅಷ್ಟೇ.

ನಾನು ಚರ್ಚಾಸ್ಪರ್ಧೆ ಮುಗಿಸಿ ಬಂದ ಸಂಜೆಗಳಲ್ಲಿ ವಿಚಾರಣೆ ಇರುತ್ತಿತ್ತು.

“ಏನ್ ಲಾಯರಮ್ಮ, ಇವತ್ತು ಯಾವ ಕಡೆ ಮಾತಾಡ್ದೆ?”

“ವಿರೋಧ.”

“ಓದ್ಸಲ?”

“ಪರ.”

“ನೀನು ಯಾವ ಕಡೆ ಅಂತ ನಿಂಗಾರಾ ಗೊತ್ತೇನೆ?”

ಇನ್ನು ಮಡಿಲ ಬಟ್ಟೆಯ ವಿಷಯ. ಮದುವೆಯಾದ ಹುಡುಗಿಯ ಮಡಿಲಲ್ಲಿ ಆ ಬಟ್ಟೆ ಹಾಸಿ ಅಕ್ಕಿ, ಕೊಬ್ಬರಿ, ಎಲೆ ಅಡಿಕೆ ತುಂಬುವುದು ಮುತ್ತೈದೆಯರ ಕೆಲಸ. ಅತ್ತೆ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವರು. ಹೀಗಾಗಿ ಬಟ್ಟೆ ಅತ್ತೆಯದು, ತುಂಬುವ ಕೈ ದೊಡ್ಡಮ್ಮನದು. ದೊಡ್ಡಮ್ಮ ಎಂದರೆ ನುಗ್ಗೇಹಳ್ಳಿಯಲ್ಲಿರುವ ನಮ್ಮ ದೊಡ್ಡಪ್ಪನ ಹೆಂಡತಿ. ಛತ್ರದಲ್ಲಿ ಶಾಸ್ತ್ರ ನಡೆಯುವಾಗ ಅತ್ತೆ ಹಿಂದೆ, ಅಡುಗೆಮನೆಯ ಬಾಗಿಲಲ್ಲಿ ಕೂತಿರುತ್ತಿದ್ದರು.

“ನೀವು ಮಾಡಿದ್ದನ್ನ ನೀವೇ ಕೊಡ್ಬಾರ್ದು ಅನ್ನೋದಕ್ಕೆ ಏನತ್ತೆ ಆಧಾರ?” ಎಂದು ಒಮ್ಮೆ ಕೇಳಿದೆ.

“ಆಧಾರವಂತೆ. ನಿನ್ನ ವಾದನೆಲ್ಲ ಕಾಲೇಜಲ್ಲಿ ಮಡಗು. ಬಟ್ಟೆ ಸೇರೋರ್ಗೆ ಸೇರುತ್ತಲ್ಲ, ಸಾಕು.”

ಸೇರಿತು ಎನ್ನುವುದು ಅವರಿಗೆ ಗೊತ್ತಾಗುತ್ತಿದ್ದುದು ಒಂದೇ ದಾರಿಯಿಂದ. ಮದುವೆಯಾದವಳು ಮೊದಲ ಸಲ ಈ ಕಡೆ ಬಂದಾಗ ಅತ್ತೆಯ ಮನೆಯಲ್ಲಿ ಊಟ ಮಾಡಿ ಹೋಗುತ್ತಿದ್ದಳು. ಲೇಸಿನ ಮಾತು ಬರುತ್ತಿತ್ತು, ಅತ್ತೆ ಅದರ ತಪ್ಪುಗಳನ್ನು ತಾವೇ ಎತ್ತಿ ಹೇಳುತ್ತಿದ್ದರು. ಅಲ್ಲಿಗೆ ಆ ಬಟ್ಟೆಯ ಕೆಲಸ ಮುಗಿಯಿತು.

ಚಿಕ್ಕಪ್ಪನ ಮಗಳು, ನಾನು ಅಕ್ಕ ಎನ್ನುವವಳು, ಹಾಸನದಲ್ಲಿ ರಿಜಿಸ್ಟರ್ ಮದುವೆಯಾಗಿ ಗಂಡನ ಊರು ಕೊಣನೂರಿಗೆ ಹೋದಳು. ಛತ್ರವಿಲ್ಲ, ಶಾಸ್ತ್ರವಿಲ್ಲ, ನಮ್ಮ ಕಡೆಯವರು ಯಾರೂ ಇಲ್ಲ. ಸುದ್ದಿ ತಿಳಿದ ದಿನ ಅತ್ತೆ ಎಲ್ಲರಂತೆಯೇ ಬೈದರು. “ಬುದ್ಧಿ ಇಲ್ದೋಳು. ಇಷ್ಟ್ ಜನ ಇರೋವಾಗ ಅವ್ನೇ ಬೇಕಿತ್ತಾ?” ಎಂದರು. ಅವರು ಆ ಮದುವೆಯನ್ನು ಒಪ್ಪಿದ್ದರು ಎಂದು ಸಾಧಿಸಲು ನಾನು ಹೊರಟಿಲ್ಲ. ಒಪ್ಪಿರಲಿಲ್ಲ. ಆದರೆ ಆ ವಾರವೇ ಹತ್ತಿ ಬಿಡಿಸುತ್ತ ಕೂತರು.

“ಯಾರಿಗತ್ತೆ?”

“ಇನ್ಯಾರ್ಗೆ? ಆ ಬುದ್ಧಿ ಇಲ್ದೋಳ್ಗೆ.”

“ಮದುವೆ ಒಪ್ಪಲ್ಲ ಅಂದ್ರಲ್ಲ?”

“ಮದ್ವೆ ಒಪ್ಪಲ್ಲ ಅಂದೆ. ನಮ್ಮನೆ ಮಗಳಲ್ಲ ಅಂತ ಯಾವಾಗ ಅಂದೆ?”

ಈ ಎರಡು ಮಾತುಗಳಿಗೆ ಹೊಂದಿಕೆಯಿಲ್ಲ ಎಂದು ಆಗ ಅನ್ನಿಸಿತ್ತು. ಈಗ ಹಾಗನ್ನಿಸುವುದಿಲ್ಲ.

ಆ ಸಲದ ನೂಲು ಎಂದಿಗಿಂತ ಸಣ್ಣದಾಗಿತ್ತು. ತಕಲಿ ಸ್ವಲ್ಪ ಜೋರಾಗಿ ತಿರುಗಿದರೂ ಕಡಿಯುತ್ತಿತ್ತು, ಕಡಿದಾಗಲೆಲ್ಲ ಅಕ್ಕನಿಗೆ ಬೈಗುಳ ಬೀಳುತ್ತಿತ್ತು. ಎಲೆಯ ಸಾಲು, ಅಂಚಿಗೆ ಮೊಗ್ಗು. ನಾನು ಸ್ಪರ್ಧೆಗೆಂದು ಹಾಸನಕ್ಕೆ ಹೋಗಿ ಬರುವಷ್ಟರಲ್ಲಿ ಸೈಕಲ್ ಕಡ್ಡಿಗಳು ಬರಿದಾಗಿ ಕಿಟಕಿಯಲ್ಲಿ ಬಿದ್ದಿದ್ದವು.

“ಕೊಟ್ಟು ಕಳುಸ್ದೆ” ಎಂದರು. “ನಿಮ್ಮ ದೊಡ್ಡಮ್ಮ ಬಂದಿದ್ಲು. ಕೊಣನೂರ್ಗೆ ಓಗ್ಬುಟ್ಟು ಮಡ್ಲು ತುಂಬ್ಬುಟ್ಟು ಬಾ ಅಂದಿವ್ನಿ. ಊಂ ಅಂದವ್ಳೆ.”

ಆಮೇಲೆ ಕಾದರು. ಕಾಯುತ್ತಿದ್ದೇನೆ ಎಂದು ಹೇಳುವವರಲ್ಲ. ಆದರೆ ಭಾನುವಾರಗಳಲ್ಲಿ ಅಕ್ಕನಿಗೆ ಇಷ್ಟವಾದ ಅವರೆಬೇಳೆ ಸಾರು ಇಬ್ಬರಿಗೆ ಹೆಚ್ಚಾಗುವಷ್ಟು ಆಗುತ್ತಿತ್ತು. ಯುಗಾದಿ ಕಳೆಯಿತು, ಗೌರಿಹಬ್ಬ ಕಳೆಯಿತು.

“ತಕ್ಕಂಡೋಳು ಒಂದ್ ಮಾತಾಡ್ಬಾರ್ದಾ?” ಎಂದು ಒಂದು ದಿನ ಗೋಡೆಗೆ ಹೇಳುವಂತೆ ಹೇಳಿದರು.

“ನಾನು ಫೋನ್ ಮಾಡಿ ಕೇಳ್ಲಾ?”

“ಮಾಡ್ಬುಟ್ಟೀಯಾ, ಉಷಾರು. ಊಟಕ್ ಬಾ ಅಂತ ಕೇಳಿ ಕರ್ಸ್ಕಳೋ ಗತಿ ಬಂದಿಲ್ಲ ನಂಗೆ. ಬರೋ ಮನ್ಸಿದ್ರೆ ಬತ್ತಾಳೆ.”

ಆ ವರ್ಷದ ಹತ್ತಿಕಾಯಿ ಒಡೆದು ಗಿಡದಲ್ಲೇ ತೂಗಾಡಿತು. ಬತ್ತಿಗೆ ಬೇಕು ಎಂದು ಬಂದ ನೆರೆಯವರಿಗೆ “ಎಲ್ಲ ಕಿತ್ಕಂಡೋಗಿ” ಎಂದರು. ಮತ್ತೆ ತಕಲಿ ಹಿಡಿದದ್ದನ್ನು ನಾನು ಕಾಣಲಿಲ್ಲ.

ಅವರು ತೀರಿಕೊಂಡದ್ದು ಒಂದು ಬೆಳಗ್ಗೆ, ಹಾಲು ಕಾಯಿಸಲು ಎದ್ದವರು ಹಾಗೇ ಕುಸಿದು. ತಿಥಿಗೆ ಅಕ್ಕ ಒಬ್ಬಳೇ ಬಂದಳು. ಒಳಗೆ ಬರದೆ ಹಿತ್ತಲ ಬಾಗಿಲ ಹತ್ತಿರ ನಿಂತಿದ್ದಳು. ನಾನು ಹೋಗಿ ಪಕ್ಕ ನಿಂತೆ.

“ನಂಗೆ ಲೇಸ್ ಹಾಕಲ್ಲ ಅಂದಿದ್ರಂತೆ” ಎಂದಳು. “ಆದ್ರೂ ಬಂದೆ ಕಣೆ. ಸಣ್ಣೋಳಾಗಿದ್ದಾಗ ತಲೆ ಬಾಚಿ ಸ್ಕೂಲ್ಗೆ ಕಳುಸ್ತಿದ್ದೋರು.”

“ಹಾಗಂತ ಯಾರು ಹೇಳಿದ್ದು?”

“ದೊಡ್ಡಮ್ಮ. ಮದ್ವೆ ಆದ ಹೊಸದ್ರಲ್ಲೇ ಫೋನ್ ಮಾಡಿದ್ರು. ನಿಮ್ಮತ್ತೆ ಬಟ್ಟೆ ಕೊಡಲ್ಲ ಅಂದವ್ರೆ, ಆ ಕಡೆ ಓಗಿ ಮರ್ವಾದೆ ಕಳ್ಕಬ್ಯಾಡ ಅಂದ್ರು.”

ನಾನು ಕಂಡದ್ದನ್ನೆಲ್ಲ ಹೇಳಿದೆ. ಅವಳು ಅಳಲಿಲ್ಲ. ಕೇಳಿದಳು: “ಯಾವ ಡಿಸೈನು?”

“ಎಲೆ. ಅಂಚಿಗೆ ಮೊಗ್ಗು.”

ಅವಳು ತಲೆಯಾಡಿಸಿದಳು. “ನಾನು ಬಟ್ಟೆ ತಕ್ಕೊಂಡು ಸುಮ್ನಾದೆ ಅನ್ಕಂಡೇ ಹೋದ್ರು, ಅಲ್ವಾ?”

“ಹೌದು” ಎಂದೆ.

ದೊಡ್ಡಮ್ಮ ಒಳಗೆ ಊಟದ ಎಲೆಗಳನ್ನು ಒರೆಸಿ ಜೋಡಿಸುತ್ತ, ಬೀಗರ ಕಡೆಯ ಹೆಂಗಸರಿಗೆ ಅದೇ ಕಥೆ ಹೇಳುತ್ತಿದ್ದರು: ನಾದಿನಿಯ ಕೈಕೆಲಸ, ನಾದಿನಿಯ ಹಠ. ಅವರ ಪರವಾಗಿಯೂ ಒಂದಿಷ್ಟು ವಾದ ಹೂಡಬಹುದು. ದೊಡ್ಡಪ್ಪನಿಗೆ ಹೆದರಿರಬಹುದು. ಕೊಣನೂರಿನ ಆ ಮನೆಯ ಹೊಸಿಲು ದಾಟಲು ಮನಸ್ಸು ಒಪ್ಪದೆ, ದಾಟಲಿಲ್ಲ ಎಂದು ಹೇಳಲು ಬಾಯಿಯೂ ಬಾರದೆ, ಇನ್ನೊಬ್ಬರ ಹೆಸರು ಹೇಳಿ ತಪ್ಪಿಸಿಕೊಂಡಿರಬಹುದು. ಆದರೆ ಇವೆಲ್ಲ ನನ್ನ ಊಹೆ, ಮತ್ತು ಉತ್ತರ ಗೊತ್ತಿರುವವರು ಎದುರಿಗೇ ಕೂತಿದ್ದರು.

ಅಕ್ಕನ ಕೈ ಹಿಡಿದು ಒಳಗೆ ಕರೆತಂದೆ. ದೊಡ್ಡಮ್ಮ ಒಮ್ಮೆ ಅಕ್ಕನನ್ನು ನೋಡಿ, ಒರೆಸಿದ ಎಲೆಯನ್ನೇ ಮತ್ತೆ ಒರೆಸತೊಡಗಿದರು.

“ದೊಡ್ಡಮ್ಮ” ಎಂದೆ, “ಅತ್ತೆ ಇವಳಿಗೆ ಲೇಸು ಹೆಣೀಲಿಲ್ಲ ಅಂತೀರಲ್ಲ, ಕೊಣನೂರಿಗೆ ಅಂತ ನಿಮ್ಮ ಕೈಲಿ ಕೊಟ್ಟು ಕಳಿಸಿದ್ದು ಏನು?”